ನುಣುಪು

ಮುಂಜಾನೆ ಹತ್ತಕ್ಕೆ ಹತ್ತು ನಿಮಿಷ ಇರುವಾಗ ಶೋಭಾರಾಣಿ ಫೋನಿಗೆ ಕಳಿಸಿದ ಚಿತ್ರವನ್ನು ವಾಗೀಶ ಎಂಜಿನಿಯರಿಂಗ್ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹಾದ ಲೋಟ ಕೈಯಲ್ಲಿ ಹಿಡಿದೇ ನೋಡಿದ. ನೋಡಿ ಲೋಟ ಕೆಳಗಿಟ್ಟ. ಮತ್ತೆ ಎತ್ತಿಕೊಂಡ. ಪಕ್ಕದಲ್ಲಿದ್ದ ಸಿವಿಲ್ ವಿಭಾಗದವನು ಏನೋ ಕೇಳಿದ್ದಕ್ಕೆ ‘ಹೌದ್ರಿ’ ಅಂದ. ಏನು ಕೇಳಿದನೋ ಶಿವನೇ ಬಲ್ಲ. ಚಿತ್ರದಲ್ಲಿದ್ದದ್ದು ಒಬ್ಬ ಹೆಂಗಸಿನ ತಲೆಯೊಳಗಿನ ರಕ್ತನಾಳ, ಬೂದು ಬಣ್ಣದ್ದು, ಸ್ಕ್ಯಾನಿಂಗ್ ಮಷೀನು ಹೇಗೆ ತೆಗೆದಿತ್ತೋ ಹಾಗೆ. ನಾಳ ಎರಡಾಗಿ ಕವಲೊಡೆಯುವ ಕಡೆ ಗೋಡೆ ಉಬ್ಬಿ ಕಡಲೆಕಾಳಿನಷ್ಟು ಚೀಲವಾಗಿತ್ತು. ಅದು ಅವನಿಗೆ ಗೊತ್ತಿದ್ದದ್ದೇ. ಆ ಚೀಲದ ನೆತ್ತಿಯ ಮೇಲೆ ಸಾಸಿವೆಯಷ್ಟು ಒಂದು ಗುಳ್ಳೆ ಇತ್ತು. ಶೋಭಾರಾಣಿ ಅದರ ಸುತ್ತ ಕೆಂಪು ಗೆರೆ ಎಳೆದು ಕೆಳಗೆ ಬರೆದಿದ್ದಳು: ‘ಸರ್, ಕೇಸ್ ಏಳು. ಇದು ಸ್ಕ್ಯಾನಿನಾಗ ಐತಿ, ನಮ್ಮ ಮಾಡೆಲಿನಾಗ ಲೇದು. ನಾಯ್ಸಾ ಸರ್?’

ಕೇಸ್ ಏಳು ಅಂದರೆ ಎಂ.ಟೆಕ್ ಓದುವ ಶೋಭಾರಾಣಿಗೆ ಒಂದು ಫೈಲು. ವಾಗೀಶನಿಗೆ ಅದು ಅಕ್ಕ ಕೊಟ್ರಮ್ಮ. ಅದನ್ನು ಆ ಹುಡುಗಿಗೆ ಅವನು ಹೇಳಿರಲಿಲ್ಲ, ಹೇಳುವ ಪ್ರಸಂಗ ಬಂದಿರಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಿದ್ದ. ಅವರು ಮಾಡುತ್ತಿದ್ದ ಕೆಲಸ ಹೇಳಲಿಕ್ಕೆ ಸುಲಭ. ಸ್ಕ್ಯಾನ್ ನೋಡಿ ರಕ್ತನಾಳವನ್ನು ಕಂಪ್ಯೂಟರಿನಲ್ಲಿ ಮತ್ತೊಮ್ಮೆ ಕಟ್ಟುವುದು, ಅದನ್ನು ಲಕ್ಷಗಟ್ಟಲೆ ಸಣ್ಣ ತ್ರಿಕೋನಗಳ ಬಲೆಯಾಗಿ ಒಡೆಯುವುದು, ಆಮೇಲೆ ಅದರೊಳಗೆ ಸಮೀಕರಣಗಳಿಂದ ರಕ್ತ ಹರಿಸಿ ಗೋಡೆಯ ಯಾವ ಜಾಗಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ನೋಡುವುದು. ಪೆಟ್ಟು ಹೆಚ್ಚಿದ್ದಲ್ಲಿ ಕೆಂಪು, ಕಡಿಮೆ ಇದ್ದಲ್ಲಿ ನೀಲಿ. ಅಕ್ಕನದು ಪೂರಾ ನೀಲಿ ಬಂದಿತ್ತು. ಹನ್ನೊಂದು ತಿಂಗಳ ಹಿಂದೆ, ಮೊಹರಮ್ಮಿನ ರಜೆ ಮುಗಿದ ಮಾರನೆಯ ದಿನ ಅವನು ಆ ನೀಲಿಯನ್ನು ಬಣ್ಣದ ಪ್ರಿಂಟು ತೆಗೆಸಿಕೊಂಡು ಅಕ್ಕನ ಮನೆಗೆ ಹೋಗಿ, ಪಡಸಾಲೆಯಲ್ಲಿ ಎಲ್ಲರ ನಡುವೆ ಕೂತು, ಪೆನ್ನಿನ ತುದಿಯಿಂದ ತೋರಿಸುತ್ತ ‘ಏನೂ ಆಗಂಗಿಲ್ಲ’ ಅಂದಿದ್ದ. ಆ ದಿನ ಉಂಡ ಹೋಳಿಗೆಯ ರುಚಿ ಇನ್ನೂ ಅವನ ನೆನಪಿನಲ್ಲಿತ್ತು.

ಅದಕ್ಕೂ ಮೊದಲು ಅಕ್ಕನಿಗೆ ಕಣ್ಣು ಮಂಜಾಗುತ್ತದೆಂದು ಬಳ್ಳಾರಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿನ ಡಾಕ್ಟರು, ತೊಡೆಯ ನಾಳದಿಂದ ಸಣ್ಣ ತಂತಿ ಹಾಯಿಸಿ ಆ ಚೀಲವನ್ನು ತುಂಬಿಬಿಡೋಣ, ಅದರಲ್ಲೂ ಸ್ವಲ್ಪ ಅಪಾಯ ಇದೆ, ಬಿಟ್ಟರೂ ಇದೆ, ನನ್ನ ಕೇಳಿದರೆ ಬಿಡಬೇಡಿ ಅಂದರು. ಅಕ್ಕನ ಗಂಡ ಏಕಾಂತಪ್ಪ ಆದೋನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಒಂದು ಚಿಟಿಕೆ ಅರಳೆ ಎಳೆದು ನೋಡಿ ಇಡೀ ಗಾಡಿಯ ಹಣೆಬರಹ ಹೇಳುವ ಮನುಷ್ಯ; ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಟವೆಲ್ಲಿನ ಅಂಚು ಹಿಂಡುತ್ತಿದ್ದ. ‘ನಮ್ಮನ್ಯಾಗ ಡಾಕ್ಟರ್ ಅದಾನಲ್ಲ, ಅವನ್ನ ಒಂದು ಮಾತು ಕೇಳೂಣು’ ಅಂದ. ನಾನು ಆ ಡಾಕ್ಟರ್ ಅಲ್ಲ, ಮೆಕ್ಯಾನಿಕಲ್ಲಿನಲ್ಲಿ ಪಿಎಚ್‌ಡಿ ಮಾಡಿದವನು ಎಂದು ವಾಗೀಶ ಮೊದಲೆರಡು ವರ್ಷ ಎಲ್ಲರಿಗೂ ಹೇಳುತ್ತಿದ್ದ. ಆಮೇಲೆ ಹೇಳುವುದನ್ನು ಬಿಟ್ಟ. ಮದುವೆ ಮುಂಜಿಗಳಲ್ಲಿ ‘ಡಾಕ್ಟ್ರು ಬಂದ್ರು, ಕುರ್ಚಿ ಹಾಕ್ರಿ’ ಎಂದಾಗ ಕೂತುಬಿಡುವುದು ಸುಲಭವಾಗಿತ್ತು. ಮನುಷ್ಯ ಹಾಳಾಗುವುದು ಇಂಥ ಕುರ್ಚಿಗಳಲ್ಲೇ. ಹಾಗೆ ಬಂತು ಅವನ ಕೈಗೆ ಅಕ್ಕನ ತಲೆಯ ಸಿ.ಡಿ., ಜವಳಿ ಅಂಗಡಿಯ ಚೀಲವೊಂದರಲ್ಲಿ ಸುತ್ತಿ, ಮೇಲೆ ವಿಭೂತಿಯ ಬೆರಳಿನ ಗುರುತು ಸಮೇತ.

ಎರಡು ಸಲ ಲೆಕ್ಕ ನಿಂತುಹೋಗಿತ್ತು. ಮೂರನೆಯ ಸಲವೂ ಅದೇ ಜಾಗದಲ್ಲಿ, ಚೀಲದ ನೆತ್ತಿಯ ಹತ್ತಿರ, ತ್ರಿಕೋನಗಳು ಒಂದರ ಮೇಲೊಂದು ಬಿದ್ದು ಸಂಖ್ಯೆಗಳು ಹುಚ್ಚೆದ್ದು ಹೋದವು. ಇಂಥದ್ದು ದಿನಾ ಆಗುತ್ತದೆ. ಸ್ಕ್ಯಾನಿನಲ್ಲಿ ಮಷೀನಿನ ಕಸ ಸೇರಿಕೊಂಡಿರುತ್ತದೆ, ಅದಕ್ಕೆ ‘ನಾಯ್ಸ್’ ಎನ್ನುತ್ತಾರೆ, ಅಲ್ಲಿ ಮೇಲ್ಮೈಯನ್ನು ನುಣುಪು ಮಾಡಿಬಿಟ್ಟರೆ ಲೆಕ್ಕ ಸರಾಗವಾಗಿ ಓಡುತ್ತದೆ. ಅವನೂ ಮಾಡಿದ. ಒಂದು ಗುಂಡಿ ಒತ್ತಿದ. ಸಾಲದೆಂದು ಇನ್ನೊಮ್ಮೆ ಒತ್ತಿದ. ಆಮೇಲೆ ಹನ್ನೊಂದು ತಾಸು ಅಕ್ಕನ ರಕ್ತ ಎಲ್ಲಿಯೂ ತಡೆಯಿಲ್ಲದೆ ಹರಿಯಿತು, ಅವನಿಗೆ ಆದ ಖುಷಿ ಅಷ್ಟಿಷ್ಟಲ್ಲ. ಒತ್ತುವ ಮೊದಲು ಆ ಗುಳ್ಳೆಯನ್ನು ನೋಡಿದ್ದನೇ? ನೋಡಿದ್ದ. ಅದು ಕಸ ಎಂದು ತೀರ್ಮಾನ ಮಾಡಿದ್ದನೋ, ಕಸ ಆಗಿದ್ದರೆ ಚೆನ್ನಾಗಿತ್ತು ಎಂದು ಆಸೆಪಟ್ಟಿದ್ದನೋ ಈಗ ಹೇಗೆ ಹೇಳುವುದು? ಅಪ್ಪ ದಲಾಲಿ ಮಾಡುತ್ತಿದ್ದಾಗ ಖರೀದಿದಾರ ಬರುವ ಮೊದಲು ಮಾದರಿಯ ಹತ್ತಿಯಿಂದ ಎಲೆಚೂರು, ಕಾಯಿಸಿಪ್ಪೆಗಳನ್ನು ಎರಡು ಬೆರಳಲ್ಲಿ ಹೆಕ್ಕಿ ತೆಗೆಯುತ್ತಿದ್ದ, ಬಾಯಲ್ಲಿ ಹಾಡು ಗುನುಗುತ್ತ, ಆ ಕೆಲಸವೇ ಮಾಡುತ್ತಿಲ್ಲವೆನ್ನುವ ಹಾಗೆ. ಮೂಟೆಯೊಳಗಿನ ಕಸ ಮೂಟೆಯೊಳಗೇ ಇರುತ್ತಿತ್ತು.

ಲ್ಯಾಬಿಗೆ ಹೋಗಿ ಮೂಲ ಫೈಲು ತೆರೆದ. ಸ್ಕ್ಯಾನ್ ಎಂದರೆ ತಲೆಯನ್ನು ಸೌತೆಕಾಯಿ ಹೆಚ್ಚಿದ ಹಾಗೆ ತೆಳುವಾದ ಬಿಲ್ಲೆಗಳಾಗಿ ತೋರಿಸುವುದು. ಮಷೀನಿನ ಕಸವಾದರೆ ಒಂದು ಬಿಲ್ಲೆಯಲ್ಲಿ ಕಂಡು ಮುಂದಿನದರಲ್ಲಿ ಮಾಯವಾಗಬೇಕು. ಗುಳ್ಳೆ ಸಾಲಾಗಿ ನಾಲ್ಕು ಬಿಲ್ಲೆಗಳಲ್ಲಿ ಇತ್ತು. ಅಂಥ ಗುಳ್ಳೆ ಎದ್ದಿದೆ ಎಂದರೆ ಅಲ್ಲಿ ಗೋಡೆ ತೀರ ತೆಳುವಾಗಿದೆ ಎಂದೇ ಅರ್ಥ, ಅದಕ್ಕೆ ಯಾವ ಲೆಕ್ಕವೂ ಬೇಡ. ಹನ್ನೊಂದು ತಾಸು ಕೂತು ಅವನು ಕರಾರುವಾಕ್ಕಾಗಿ ಲೆಕ್ಕ ಹಾಕಿದ್ದು ಲೋಕದಲ್ಲಿ ಎಲ್ಲಿಯೂ ಇಲ್ಲದ, ಯಾರದೂ ಅಲ್ಲದ ಒಂದು ತಲೆಯ ರಕ್ತವನ್ನು. ಹಿಂದೆ ಬಂದು ನಿಂತಿದ್ದ ಶೋಭಾರಾಣಿ ‘ಸರ್?’ ಅಂದಳು. ಅವನು ಬೆಚ್ಚಿ ಪರದೆಯ ಕಿಟಕಿಯನ್ನು ಮುಚ್ಚಿದ.

‘ನಾಯ್ಸೇ. ಬಿಡು.’

‘ಆದ್ರ ನಾಕು ಸ್ಲೈಸಿನಾಗ ಐತಲ್ರಿ ಸರ್.’

‘ಇರ್ತೈತಿ ಒಮ್ಮೊಮ್ಮೆ.’

ಹುಡುಗಿ ‘ಸರೇ ಸರ್’ ಎಂದು ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಳು. ಬರೆದುಕೊಳ್ಳುವಾಗ ಒಂದು ಕ್ಷಣ ಪೆನ್ನು ನಿಂತು ಅವಳು ಅವನ ಮುಖ ನೋಡಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅವನು ಸುಮ್ಮಸುಮ್ಮನೆ ಕನ್ನಡಕ ಒರೆಸಿಕೊಂಡ. ಅವಳ ಹೆಜ್ಜೆ ವರಾಂಡದಲ್ಲಿ ದೂರವಾದ ಮೇಲೆ ಬಳ್ಳಾರಿಯ ಡಾಕ್ಟರಿಗೆ ಫೋನು ಮಾಡಿದ. ಹೆಸರು ಹೇಳಿದ, ತಿಂಗಳು ಹೇಳಿದ, ಚಿತ್ರ ಕಳಿಸಿದ. ಆ ಕಡೆ ಹುಡುಕುವ ಸದ್ದು.

‘ಇದನ್ನ ನಾನು ಅವತ್ತೇ ಹೇಳಿದ್ದೆನಲ್ರೀ. ವಾಪಸ್ ಬರಲೇ ಇಲ್ಲ ನೀವು. ಯಾರು ಬೇಡ ಅಂದ್ರು?’

‘ಮನೆಯೊಳಗ... ಒಬ್ಬರು ಡಾಕ್ಟರ್ ಹೇಳಿದ್ರು ಸರ್.’

‘ಯಾವ ಡಾಕ್ಟರ್?’

ಆ ಕಡೆಯ ದನಿ ಕಾದು, ಬಿಟ್ಟುಕೊಟ್ಟು, ‘ಇವತ್ತೇ ಕರಕೊಂಡು ಬನ್ನಿ. ಭಾರ ಎತ್ತೋದು, ಬಗ್ಗೋದು ಏನೂ ಬೇಡ. ಒಮ್ಮಿಂದೊಮ್ಮೆ ತಲೆನೋವು ಶುರುವಾದ್ರೆ ಅದು ಒಡೆದ ಹಾಗೆ, ಆಮೇಲೆ ನನ್ನ ಕೈಲಿ ಹೆಚ್ಚು ಏನೂ ಇರಲ್ಲ’ ಅಂದಿತು. ಆಗ ಹನ್ನೊಂದೂ ಕಾಲು. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದ ಮೇಲೆ ಅವನಿಗೆ ನೆನಪಾಯಿತು, ಇವತ್ತು ಅಕ್ಕನ ಮನೆಯಲ್ಲಿ ಹಂದರ.

ಗುರುವಾರ ಅಕ್ಕನ ಮಗಳು ಚೇತನಾಳ ಮದುವೆ. ಬೆಳಗಿನ ಜಾವ ಐದು ಮಂದಿ ಮುತ್ತೈದೆಯರು ಹಂದರದ ಕಂಬಕ್ಕೆ ಅರಿಶಿನ ಹಚ್ಚಿ ಮಾವಿನ ತೊಂಗಲು ಕಟ್ಟಿ ಪೂಜೆ ಮಾಡಿದ್ದರು. ಕಂಬ ನೆಟ್ಟ ಗಳಿಗೆಯಿಂದ ಅದನ್ನು ಕೀಳುವವರೆಗೆ ಆ ಮನೆಯವರು ಊರ ಗಡಿ ದಾಟಬಾರದು, ದವಾಖಾನೆ ಮೆಟ್ಟಿಲು ಹತ್ತಬಾರದು, ಬೇನೆ ಸಾವಿನ ಮಾತು ಹಂದರದ ಕೆಳಗೆ ಆಡಬಾರದು. ಆಡಿದರೆ ಅದು ಮದುಮಗಳ ತಲೆಗೆ ಬರುತ್ತದೆ. ಈ ಕಟ್ಟಳೆ ಕಾಯಲಿಕ್ಕೆಂದೇ ಅಕ್ಕನ ಅತ್ತೆ ಉಚ್ಚಮ್ಮ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಎಂಬತ್ತು ದಾಟಿದ ಮುದುಕಿ, ಕಿವಿ ಮಾತ್ರ ಚುರುಕು. ಇಂಥದ್ದರಲ್ಲಿ ವಾಗೀಶನಿಗೆ ನಂಬಿಕೆ ಇರಲಿಲ್ಲ, ಕ್ಲಾಸಿನಲ್ಲಿ ತಮಾಷೆ ಮಾಡಿ ಹುಡುಗರನ್ನು ನಗಿಸಿದವನು. ಈಗ ಹಸಿ ಮಾವಿನೆಲೆಯ ಕೆಳಗೆ ಕಾಲಿಡುವಾಗ ಎದೆಯಲ್ಲಿ ಆದದ್ದು ನಿರಾಳ. ಹೇಳುವ ಹಾಗಿಲ್ಲವಲ್ಲ, ನಾನೇನು ಮಾಡಲಿ. ಹಾಗೆ ಅನ್ನಿಸಿದ್ದಕ್ಕೆ ನಾಚಿಕೆಯಾಯಿತು, ಆದರೆ ನಿರಾಳ ಹೋಗಲಿಲ್ಲ.

ಹಿತ್ತಲಿನಲ್ಲಿ ನಾಲ್ಕು ಒಲೆ ಹೂಡಿ ಹೆಂಗಸರು ಮದುವೆಯ ರೊಟ್ಟಿ ಬಡಿಯುತ್ತಿದ್ದರು. ಸಾಲಿನ ಕೊನೆಯಲ್ಲಿ ಅಕ್ಕ. ತಲೆ ಬಗ್ಗಿಸಿ, ಎರಡೂ ಅಂಗೈಯಿಂದ, ಟಪ್ ಟಪ್ ಟಪ್. ಒಲೆಯ ಝಳಕ್ಕೆ ಮುಖ ಕೆಂಪಗೆ. ಹಣೆಯ ಪಕ್ಕದಲ್ಲಿ ಒಂದು ನರ ಉಬ್ಬಿ ಬಡಿತದ ಜೊತೆ ಏಳುತ್ತ ಬೀಳುತ್ತ ಇತ್ತು. ಅದು ಹೊರಗಿನ ನರ, ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವನಿಗೆ ಗೊತ್ತು, ಆದರೂ ಕಣ್ಣು ಕೀಳಲಾಗಲಿಲ್ಲ. ಒಂದೊಂದು ಬಡಿತಕ್ಕೂ ತೋಳಿನಿಂದ ಕತ್ತಿಗೆ, ಕತ್ತಿನಿಂದ ಮೇಲಕ್ಕೆ ಎಷ್ಟು ಒತ್ತಡ ಏರುತ್ತದೆ ಎಂದು ಅವನ ತಲೆ ತಾನಾಗಿಯೇ ಲೆಕ್ಕ ಹಾಕತೊಡಗಿತು. ಯಾರೋ ಏನೋ ಅಂದರು, ಅಕ್ಕ ತಲೆ ಹಿಂದಕ್ಕೆ ಹಾಕಿ ಬಿದ್ದು ಬಿದ್ದು ನಕ್ಕಳು. ನಗಬೇಡ ಅಕ್ಕ. ಅವನು ಚಿಕ್ಕವನಿದ್ದಾಗ ಜಾರಿ ಬಾವಿಗೆ ಬಿದ್ದಾಗ ಸೆರಗು ಸೊಂಟಕ್ಕೆ ಸಿಕ್ಕಿಸಿ ಹಾರಿ ಎತ್ತಿಕೊಂಡು ಬಂದವಳು ಇವಳು, ಆಗ ಅವಳಿಗೆ ಹದಿನಾರು. ದಡಕ್ಕೆ ತಂದು ಮೊದಲು ಕಪಾಳಕ್ಕೆ ಹೊಡೆದು ಆಮೇಲೆ ಅತ್ತಿದ್ದಳು.

‘ಬಂದೇನೋ ತಮ್ಮಾ. ಕುಂದ್ರು, ಬಿಸಿ ರೊಟ್ಟಿ ತಿನ್ನು. ಮಾರಿ ಯಾಕ ಹಂಗಾಗೈತಿ?’

‘ಏನಿಲ್ಲ. ಬಿಸಿಲು.’

ಕೂತ. ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ತುತ್ತು ಗಂಟಲಲ್ಲಿ ಇಳಿಯುವುದಿಲ್ಲ ಅಂದುಕೊಂಡಿದ್ದ; ನಾಲಿಗೆಗೆ ಮಾನ ಇರುವುದಿಲ್ಲ, ಎರಡು ಮುಗಿಸಿ ಮೂರನೆಯದಕ್ಕೆ ತಟ್ಟೆ ಚಾಚಿದ. ಅಷ್ಟರಲ್ಲಿ ಮಾಧವರಂನಿಂದ ಬಂದಿದ್ದ ನೆಂಟರ ಪೈಕಿ ವೆಂಕಮ್ಮ ಎನ್ನುವವಳು, ‘ಡಾಕ್ಟ್ರೇ, ನಿಮ್ಮಕ್ಕನ ತಲೀ ಒಳಗಿನ ಚಿತ್ರ ಗೋಡಿಗೆ ಹಾಕ್ಯಾರಲ್ಲ, ಅದೇನಂತ ನನಗಿಷ್ಟು ಹೇಳ್ರಿ’ ಎಂದು ಎಳೆದುಕೊಂಡು ಹೋದಳು. ಪಡಸಾಲೆಯಲ್ಲಿ, ಬಸವಣ್ಣನ ಕ್ಯಾಲೆಂಡರಿನ ಪಕ್ಕ, ಏಕಾಂತಪ್ಪ ಅದಕ್ಕೆ ಕಟ್ಟು ಹಾಕಿಸಿ ತೂಗುಬಿಟ್ಟಿದ್ದ. ಕಡುನೀಲಿ, ಎಲ್ಲಿಯೂ ಉಬ್ಬುತಗ್ಗಿಲ್ಲ. ನಾಲ್ಕಾರು ಹೆಂಗಸರು ಸುತ್ತ ನಿಂತರು. ಇವತ್ತೇ ಕರಕೊಂಡು ಬನ್ನಿ ಎಂಬ ದನಿ ಕಿವಿಯೊಳಗೆ ಇರುವಾಗಲೇ ವಾಗೀಶ ಬೆರಳೆತ್ತಿ, ‘ನೀಲಿ ಅಂದ್ರ ಅಲ್ಲಿ ರಕ್ತದ ಪೆಟ್ಟು ಕಡಿಮಿ ಅಂತ’ ಎಂದು ಶುರು ಮಾಡಿ, ಪೂರಾ ಹೇಳಿದ. ದನಿ ಒಂದು ಕಡೆಯೂ ನಡುಗಲಿಲ್ಲ. ಅದೇ ಅವನನ್ನು ಹೆದರಿಸಿತು. ವೆಂಕಮ್ಮ, ‘ನಿಮ್ಮಂಥಾ ತಮ್ಮ ಸಿಗಬೇಕಂದ್ರ ಪುಣ್ಯಾ ಮಾಡಿರಬೇಕ್ರಿ’ ಅಂದಳು.

ಬಚ್ಚಲಿಗೆ ಹೋಗಿ ತಿಂದದ್ದೆಲ್ಲ ಕಾರಿಕೊಂಡ. ಮುಖ ತೊಳೆದು ಹೊರಗೆ ಬಂದಾಗ ಅಕ್ಕ ಹಿಟ್ಟಿನ ಕೊಪ್ಪರಿಗೆಯನ್ನು ಎರಡೂ ಕೈಯಿಂದ ಎತ್ತಲು ಬಗ್ಗುತ್ತಿದ್ದಳು. ‘ಅಕ್ಕಾ’ ಎಂದು ಅವನು ಕೂಗಿದ ದನಿಗೆ ರೊಟ್ಟಿ ಬಡಿಯುವ ಕೈಗಳೆಲ್ಲ ನಿಂತವು. ‘ಸ್ವಲ್ಪ ಒಳಗ ಬಾ.’

ರೊಟ್ಟಿಗಳನ್ನು ಬಿಳಿ ಬಟ್ಟೆ ಹೊದಿಸಿ ಪೇರಿಸಿಟ್ಟ ಕೋಣೆ. ಅಲ್ಲಿ ಹಂದರ ಇರಲಿಲ್ಲ, ಮೇಲೆ ಬರೀ ಮಾಳಿಗೆಯ ತೊಲೆ. ಅವನು ಸ್ಮೂದಿಂಗ್, ಮೆಶ್ಶು, ಕನ್ವರ್ಜೆನ್ಸು ಎಂದು ಏನೇನೋ ಅಂದ. ಅಕ್ಕ ಕೈಯ ಹಿಟ್ಟು ಉದುರಿಸಿಕೊಳ್ಳುತ್ತ ಕೇಳಿದಳು.

‘ನನಗ ತಿಳಿಯೂಹಂಗ ಹೇಳೋ.’

‘ನಿನ್ನ ತಲ್ಯಾಗಿನ ಉಬ್ಬಿನ ಮ್ಯಾಲ ಒಂದು ಗುಳ್ಳಿ ಇತ್ತು. ಲೆಕ್ಕ ಕುಂದರವಲ್ದು ಅಂತ ನಾ ಅದನ್ನ ಒರಸಿಬಿಟ್ಟೆ.’

‘ಒರಸಿದ್ರ ಹೋತೇನು?’

‘ಚಿತ್ರದಾಗ ಹೋತು.’

ಹೊರಗಿನಿಂದ ಟಪ್ ಟಪ್ ಮತ್ತೆ ಶುರುವಾಗಿತ್ತು. ಅವನು ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದ, ತಲೆನೋವಿನದೂ ಹೇಳಿದ.

‘ನಿನಗ ಯಾವಾಗ ಗೊತ್ತಾತು?’

‘ಮುಂಜಾನಿ. ಹತ್ತಕ್ಕ.’

‘ಈಗ ಎಷ್ಟು?’

‘ಎರಡೂವರಿ.’

‘ನನ್ನ ಮುಂದ ಕುಂತು ಬಿಸಿಬಿಸಿ ಹಾಕಿಸ್ಕೊಂಡು ಉಂಡಿ’ ಅಂದಳು ಕೊಟ್ರಮ್ಮ. ಸಿಟ್ಟಿನಲ್ಲಿ ಅನ್ನಲಿಲ್ಲ, ಅರ್ಥವಾಗದ್ದನ್ನು ಅರ್ಥ ಮಾಡಿಕೊಳ್ಳಲು ನೋಡುವವಳ ಹಾಗೆ ಅಂದಳು. ಹನ್ನೊಂದು ತಿಂಗಳ ತಪ್ಪನ್ನು ಅವಳು ಬಿಟ್ಟೇಬಿಟ್ಟಿದ್ದಳು. ನಾಲ್ಕೂವರೆ ತಾಸಿನದು ಮಾತ್ರ ಅವಳ ಕಣ್ಣಲ್ಲಿ ನಿಂತಿತ್ತು. ಅವನು ನೆಲ ನೋಡಿದ.

‘ಹಂದರ ಹಾಕೈತಿ, ನಿಮ್ಮತ್ತಿ ಏನಂತಾಳೋ ಅಂತ...’

‘ಹಂದರ ನನ್ನ ಮಗಳದು. ತಲಿ ನಂದು. ಕಾರು ತಂದೀಯಿಲ್ಲ?’ ಮೂಲೆಯ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು ಕೈ ತೊಳೆದಳು, ಉಗುರಿನ ಸಂದಿನ ಹಿಟ್ಟನ್ನೂ ಬಿಡದೆ. ‘ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಚೇತನಾ ಅರಿಷಿಣದಾಗ ಕುಂತಾಳ, ಆಕಿಗೆ ಗೊತ್ತಾಗಬಾರದು. ನಿನ್ನ ಮ್ಯಾಲೂ ಮಾತು ಬರೂದು ಬ್ಯಾಡ. ನಾ ಹೇಳ್ತೀನಿ.’

ಬಾಗಿಲಲ್ಲಿ ಉಚ್ಚಮ್ಮನ ಮುಂದೆ ನಿಂತು ಅವಳು ಹೇಳಿದ್ದು ಒಂದೇ ಮಾತು: ‘ನನಗ ತಲಿ ನೋಯಾಕ ಹತ್ತೈತಿರಿ ಅತ್ತಿ. ತಮ್ಮ ಬಳ್ಳಾರಿಗೆ ಕರಕೊಂಡು ಹೋಗಿ ತೋರಿಸ್ಕೊಂಡು ಬರ್ತಾನ.’

ಮುದುಕಿ ಕೋಲನ್ನು ಹೊಸ್ತಿಲಿಗೆ ಅಡ್ಡ ಇಟ್ಟಳು. ‘ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಹಂದರದ ಕೆಳಗ ನಿಂತು ಬ್ಯಾನಿ ಹೆಸರು ಎತ್ತಿದೆಲ್ಲ, ಹಡದ ತಾಯಿ ಏನು ನೀನು. ಎರಡು ದಿನ ತಡಕೊಂಡ್ರ ಸಾಯ್ತಿದ್ದೇನು?’ ಹಿತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಬಂದು ಗೋಡೆ ಹಿಡಿದು ನಿಂತರು. ಒಳಗಿನಿಂದ ಚೇತನಾ ಅರಿಶಿನದ ಮುಖ ಹೊರಹಾಕಿ ‘ಏನಾತವ್ವ?’ ಅಂದಳು. ಕೊಟ್ರಮ್ಮ ಬೈಗುಳವನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡಳು, ಆ ಮನೆಗೆ ಬಂದ ಇಪ್ಪತ್ತೈದು ವರ್ಷದಲ್ಲಿ ಹಾಗೆ ನಿಂತದ್ದನ್ನು ಯಾರೂ ನೋಡಿರಲಿಲ್ಲ. ಆಮೇಲೆ ಉಚ್ಚಮ್ಮ ವಾಗೀಶನ ಕಡೆ ತಿರುಗಿದಳು. ‘ನೀನಾರ ಹೇಳಪಾ ಡಾಕ್ಟರ. ನೀಲಿ ಐತಿ, ಏನೂ ಆಗಂಗಿಲ್ಲ ಅಂದಾವ ನೀನ ಅಲ್ಲೇನು?’ ಎಲ್ಲರೂ ಅವನನ್ನು ನೋಡಿದರು. ಬಾಯಿ ತೆರೆದ. ಒಂದು ವಾಕ್ಯ ಸಾಕಾಗಿತ್ತು. ತಪ್ಪು ನಂದು ಎಂದರೆ ಅಕ್ಕನ ತಲೆಯ ಮೇಲಿನ ಮಾತು ಇಳಿಯುತ್ತಿತ್ತು. ‘ಏನಿಲ್ರಿ ಅಮ್ಮಾ. ಗಾಬರಿ ಆಗೂವಂಥಾದ್ದೇನಿಲ್ಲ. ಒಂದ್ಸಲ ತೋರಿಸ್ಕೊಂಡು ಬಂದುಬಿಡ್ತೀವಿ’ ಅಂದ, ಪಡಸಾಲೆಯಲ್ಲಿ ಚಿತ್ರ ತೋರಿಸುವಾಗಿನ ಅದೇ ದನಿಯಲ್ಲಿ. ಬ್ಯಾಡ ಎಂದು ಅಕ್ಕನೇ ಹೇಳಿದ್ದಾಳೆ ಎಂಬುದು ಅವನಿಗೆ ಆಸರೆಯಾಗಿತ್ತು. ಆ ಆಸರೆಯನ್ನು ಹಿಡಿದುಕೊಂಡೇ ಹೊರಗೆ ನಡೆದ. ಅಕ್ಕ ಕೋಲನ್ನು ಮೆಲ್ಲಗೆ ಸರಿಸಿ, ಹೊಸ್ತಿಲು ದಾಟಿ, ಹಿಂದೆ ನೋಡದೆ ಬಂದು ಕಾರಿನಲ್ಲಿ ಕೂತಳು.

ಆಲೂರು ದಾಟಿತು. ಊರೊಳಗೆ ಉಳಿದ ಲಗ್ನಪತ್ರಿಕೆ ಹಂಚಲು ಹೋಗಿದ್ದ ಏಕಾಂತಪ್ಪನ ಫೋನು ಎರಡು ಸಲ ಬಂತು, ಅಕ್ಕ ಎತ್ತಲಿಲ್ಲ. ಪ್ರತಿ ಊರಿನ ಹತ್ತಿರ ರಸ್ತೆಗೆ ಅಡ್ಡ ಉಬ್ಬುಗಳು. ವಾಗೀಶ ಒಂದೊಂದನ್ನೂ ಚಕ್ರ ನೆಲಕ್ಕೆ ಅಂಟಿದ ಹಾಗೆ ದಾಟಿಸುತ್ತಿದ್ದ. ಬೆನ್ನಿನ ಬೆವರು ಸೀಟಿಗೆ ಹತ್ತಿತ್ತು. ಹಿಂದಿನ ಲಾರಿಯವನು ಹಾರ್ನ್ ಹೊಡೆದು ಬೈದು ಮುಂದೆ ಹೋದ.

‘ಹೆಣ ಒಯ್ದಂಗ ಯಾಕ ಒಯ್ಯಾಕ ಹತ್ತಿ. ಜೋರ ಬಿಡು’ ಅಂದಳು ಅಕ್ಕ.

‘ಕುಲುಕಬಾರದು ಅಂತ.’

‘ಇಷ್ಟ ದಿವಸ ಕುಲುಕಿಲ್ಲೇನು?’

ಸ್ವಲ್ಪ ಜೋರು ಮಾಡಿದ. ಎರಡೂ ಕಡೆ ಹತ್ತಿ ಒಡೆದ ಹೊಲಗಳು, ಬೆನ್ನಿಗೆ ಜೋಳಿಗೆ ಕಟ್ಟಿಕೊಂಡು ಬಿಡಿಸುವ ಹೆಂಗಸರು, ನಡುವೆ ಎಲ್ಲೋ ಒಂದು ಕುರಿ ಹಿಂಡು. ಅಕ್ಕ ಕಿಟಕಿಯಿಂದ ಹೊರಗೆ ನೋಡುತ್ತ, ಚೇತನಾಳ ಧಾರೆ ಸೀರೆಗೆ ಇನ್ನೂ ಫಾಲ್ ಹಚ್ಚಿಸಿಲ್ಲ ಅಂದಳು. ಆಮೇಲೆ, ಕೊಪ್ಪರಿಗೆ ಯಾರೂ ಮುಚ್ಚಿರೋದಿಲ್ಲ, ನಾದಿದ ಹಿಟ್ಟು ಒಣಗತೈತಿ ಅಂದಳು. ವಾಗೀಶ ‘ಅಕ್ಕಾ, ತಪ್ಪಾತು’ ಅಂದ. ಬೆಳಗಿನಿಂದ ಅದನ್ನು ಎಷ್ಟೋ ಸಲ ಬಾಯೊಳಗೆ ಆಡಿಕೊಂಡಿದ್ದ, ಹೊರಗೆ ಬಂದಾಗ ಅದು ಬಸ್ಸಿನಲ್ಲಿ ಕಾಲು ತುಳಿದವನ ಮಾತಿನಷ್ಟೇ ಇತ್ತು. ಬೈಯಲಿ ಎಂದು ಕಾದ. ಬೈದಿದ್ದರೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿದ್ದೇ ಸುಮ್ಮನಿದ್ದಾಳೆ ಅನ್ನಿಸಿತು. ಇನ್ನೊಮ್ಮೆ ಹೇಳಬೇಕೆಂದು ತಿರುಗಿ ನೋಡಿದ. ಅವಳು ಎಡಗೈಯನ್ನು ಕತ್ತಿನ ಹಿಂದೆ ಇಟ್ಟುಕೊಂಡು ಕಣ್ಣು ಸಣ್ಣಗೆ ಮಾಡಿಕೊಂಡಿದ್ದಳು, ಎದುರಿನ ಬಿಸಿಲಿಗೋ ಏನೋ. ಆದರೆ ಬಿಸಿಲು ಅವಳ ಕಡೆ ಇರಲಿಲ್ಲ.

‘ತಮ್ಮಾ.’

‘ಏನಕ್ಕಾ?’

‘ಅವರ ಮುಂದ ಸುಳ್ಳ ಹೇಳಿದ್ದೆ. ಈಗ ಖರೇನ ನೋಯಾಕ ಹತ್ತೈತಿ.’

ಹಾಲಹರವಿಯ ಮನೆಗಳು ಹಿಂದೆ ಹೋದವು. ರಸ್ತೆಯ ಬದಿಯ ಫಲಕ ಹತ್ತಿರ ಬಂತು. ಅದರ ಮೇಲೆ ಬಳ್ಳಾರಿ ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆದು ಮುಂದೆ ಇಪ್ಪತ್ತಾರು ಎಂದಿತ್ತು.

‘ಇನ್ನ ಎಷ್ಟು ದೂರ ಐತಿ?’

‘ಬಂದೇಬಿಡ್ತು ಅಕ್ಕಾ. ಇಲ್ಲೇ.’

ಅವಳ ಕೈ ಬಂದು ಅವನ ಮಣಿಕಟ್ಟನ್ನು ಹಿಡಿಯಿತು. ಹಿಡಿತ ಬಿಗಿಯಾಗಿತ್ತು, ಬೆರಳುಗಳು ತಣ್ಣಗಿದ್ದವು.

‘ಖರೇ ಹೇಳೋ.’

‘ಇಪ್ಪತ್ತಾರು ಕಿಲೋಮೀಟರು’ ಅಂದ ವಾಗೀಶ.